ಅವ್ವನ ಕುಂಬಳದ ಬೀಜ

ಜುಲೈ 14, ಸೋಮವಾರ

ಕುಂಬಳದ ಬಳ್ಳಿ ಇವತ್ತು ಬಚ್ಚಲ ಗೋಡೆ ದಾಟಿ ಪೇರಲ ಗಿಡದ ಬುಡಕ್ಕೆ ಬಂದಿದೆ. ಒಂದೇ ಬಳ್ಳಿ. ಆರು ಬೀಜ ಊರಿದ್ದೆ, ಮೂರು ಮೊಳೆತವು, ಎರಡನ್ನು ಬಸವನಹುಳು ತಿಂದಿತು. ಇದು ಉಳಿದಿದೆ. ಇದೂ ಹೋದರೆ ನನ್ನ ಅವ್ವನ ಕುಂಬಳ ಈ ಭೂಮಿಯ ಮೇಲೆ ಎಲ್ಲಿಯೂ ಇರುವುದಿಲ್ಲ. ಬರೆದಿಡೋಣ ಅನ್ನಿಸಿತು. ಬಾಯಲ್ಲಿ ಹೇಳಿದರೆ ಈ ಮನೆಯಲ್ಲಿ ಕೇಳುವವರಿಲ್ಲ. ಯಜಮಾನರು ಟಿವಿ ನೋಡುತ್ತಾರೆ, ಮಗ ಫೋನು ನೋಡುತ್ತಾನೆ, ಸೊಸೆ ನನ್ನ ಮುಖ ನೋಡಿ ತಲೆಯಾಡಿಸಿ ತನಗೆ ತೋಚಿದ್ದು ಮಾಡುತ್ತಾಳೆ.

ಸೊಕ್ಕೆಯಿಂದ ಮದುವೆಯಾಗಿ ಸವಳಂಗಕ್ಕೆ ಬರುವ ದಿನ ಅವ್ವ ನನ್ನ ಸೆರಗಿಗೆ ಗಂಟು ಹಾಕಿ ಕೊಟ್ಟ ಬೀಜ ಇದು. ಜಗಳೂರು ಸೀಮೆಯ ಒಣ ಹೊಲದಲ್ಲಿ ಒಂದೆರಡು ಮಳೆಗೇ ಕಾಯಿ ಕೊಡುತ್ತಿದ್ದ ಜಾತಿ. ಸಿಪ್ಪೆ ಬೂದು, ಒಳಗೆ ಅರಿಶಿನದ ಬಣ್ಣ. ಕಡುಬಿಗೆ ಅರ್ಧ ಬೆಲ್ಲ ಸಾಕು. ನಲವತ್ತೊಂದು ವರ್ಷ ಬೀಜ ತೆಗೆದು, ಸಗಣಿಯಲ್ಲಿ ಕಲಸಿ, ಅಡುಗೆಮನೆಯ ಗೋಡೆಗೆ ಬೆರಣಿ ತಟ್ಟಿ ಕಾಪಾಡಿದ್ದೇನೆ. ಯಾರಿಗೂ ಒಂದು ಬೀಜ ಕೊಟ್ಟವಳಲ್ಲ. ಹೋದ ವರ್ಷ ಮಗ ಕಲ್ಲೇಶನ ಮದುವೆಗೆ ಸುಣ್ಣ ಹೊಡೆಯಲು ಬಂದವರು ನನ್ನನ್ನು ಒಂದು ಮಾತು ಕೇಳದೆ ಬೆರಣಿಯನ್ನೆಲ್ಲ ಕೆರೆದು ತಿಪ್ಪೆಗೆ ಎಸೆದರು. ಮದುವೆ ಮನೆಯ ಯಜಮಾನಿ ನಾನು, ರೇಷ್ಮೆ ಸೀರೆಯಲ್ಲಿ ತಿಪ್ಪೆ ಕೆದಕಿ ಹದಿನಾಲ್ಕು ಬೀಜ ಆರಿಸಿದೆ. ಆ ಮಳೆಗಾಲಕ್ಕೆ ಎಂಟು ಹಾಕಿದೆ. ಪಕ್ಕದ ಮನೆ ಕಸ್ತೂರಮ್ಮನ ಕೋಳಿಗಳು ಮೊಳಕೆಯನ್ನೆಲ್ಲ ಕೆದರಿ ತಿಂದವು. “ಕೋಳಿಗೆ ಏನ್ ಗೊತ್ತಾಗ್ತೈತಕ್ಕ” ಅಂದಳು. ಕೋಳಿಗೆ ಗೊತ್ತಾಗುವುದಿಲ್ಲ, ಸಾಕಿದವಳಿಗೆ ಗೊತ್ತಾಗಬೇಡವೆ?

ಸೊಕ್ಕೆಯಲ್ಲಿರುವ ತಮ್ಮ ತಿಪ್ಪೇಶಪ್ಪನಿಗೆ ಫೋನು ಮಾಡಿ ಅಲ್ಲೇನಾದರೂ ಈ ಬೀಜ ಉಳಿದಿದೆಯೇ ಎಂದು ಕೇಳಿದೆ. ಈಗೆಲ್ಲ ಮೆಕ್ಕೆಜೋಳ, ಕುಂಬಳ ಯಾರು ಹಾಕ್ತಾರೆ ಎಂದು ನಕ್ಕ. ನಗುವ ವಿಷಯವಂತೆ.

ಜುಲೈ 26, ಶನಿವಾರ

ನಿನ್ನೆಯಿಂದ ಶ್ರಾವಣದ ನೇಮ. ಈ ತಿಂಗಳು ದೇವರ ಜಗಲಿಗೆ ಕೊಂಡ ಹೂವು ಏರಿಸುವುದಿಲ್ಲ, ಹಿತ್ತಲಿನದೇ ಆಗಬೇಕು. ಬೆಳಕು ಹರಿಯುವಾಗ ಮೈ ತೊಳೆದು ಹೋಗಿ, ಅರಳಿದ ಕುಂಬಳದ ಹೂವನ್ನು ಕಿತ್ತು ತರುತ್ತೇನೆ. ಉದ್ದ ತೊಟ್ಟಿನವು ಮಾತ್ರ. ಕೆಳಗೆ ಹೀಚು ಇರುವ ಹೂವನ್ನು ಮುಟ್ಟಬಾರದು, ಅದು ಕಾಯಿಯಾಗುವುದು. ಕಾಯಿ ಹಿಡಿಯದ ಹೂವು ಹುಟ್ಟುವುದೇ ದೇವರಿಗೆ ಎಂದು ಅವ್ವ ಹೇಳುತ್ತಿದ್ದಳು. ಮೊದಲೆಲ್ಲ ಹತ್ತು ಬಳ್ಳಿಯಿಂದ ಬುಟ್ಟಿ ತುಂಬುತ್ತಿತ್ತು. ಈಗ ಒಂದೇ ಬಳ್ಳಿ ಎಂದು ದೇವರಿಗೆ ಕಡಿಮೆ ಮಾಡಲಾಗುವುದಿಲ್ಲ. ಒಂದೂ ಬಿಡದೆ ಕಿತ್ತೆ. ಒಂಬತ್ತು ಸಿಕ್ಕವು.

ಸೊಸೆ ಬಾಗಿಲಲ್ಲಿ ನಿಂತು, “ಅತ್ತೆ, ಒಂದೆರಡು ಬಳ್ಳಿಯಾಗೆ ಬಿಡ್ರಿ” ಅಂದಳು. ದೇವರ ಹತ್ತಿರ ಚೌಕಾಸಿ ಮಾಡುವ ಮನೆತನ ನಮ್ಮದಲ್ಲ ಎಂದೆ. ಹಂಗಲ್ಲ ಎಂದು ಏನೋ ಶುರು ಮಾಡಿದಳು. ಹಾಲು ಉಕ್ಕುತ್ತಿದೆ ನೋಡು ಎಂದು ಕಳಿಸಿದೆ.

ಆಗಸ್ಟ್ 3, ಭಾನುವಾರ

ಹೀಚು ಕಂಡಿತು. ಅಡಿಕೆ ಗಾತ್ರದ್ದು, ನುಣ್ಣಗೆ. ಒಂದಲ್ಲ, ನಾಲ್ಕು. ಒಂದು ಗಳಿಗೆ ಅಲ್ಲೇ ಕೂತೆ.

ಆದರೆ ಈ ಮನೆಯಲ್ಲಿ ಒಂದು ಗಳಿಗೆಯ ಸಂತೋಷವೂ ಪೂರ್ತಿ ಸಿಗುವುದಿಲ್ಲ. ಬಟ್ಟೆ ಒಣಹಾಕಲು ಬಂದ ಸೊಸೆ ತೋರುಬೆರಳು ನೇರ ಚಾಚಿ “ಒಂದು, ಎರಡು” ಎಂದು ಎಣಿಸಿದಳು. ಹೀಚಿಗೆ ಬೆರಳು ತೋರಿಸಬಾರದು, ತೋರಿಸಲೇಬೇಕಾದರೆ ಬೆರಳು ಮಡಚಿ ತೋರಿಸಬೇಕು ಎಂಬುದು ಮೂರು ವರ್ಷದ ಮಗುವಿಗೂ ಗೊತ್ತು. ಬೈದೆ. ಬೆರಳು ಕಚ್ಚಿಕೊಂಡಳು. ಕಚ್ಚಿಕೊಂಡರೆ ತೋರಿಸಿದ್ದು ಹಿಂದೆ ಬರುತ್ತದೆಯೇ?

ಬೆಂಡೆ ಎರಡು ಸೇರು ಬಂತು. ಹೀರೆ ಐದು.

ಆಗಸ್ಟ್ 8, ಶುಕ್ರವಾರ

ನಾಲ್ಕೂ ಹಳದಿಯಾಗಿ ಉದುರಿದವು. ಎತ್ತಿಕೊಂಡರೆ ಬೆರಳಿನಲ್ಲೇ ಮೆತ್ತಗಾದವು. ಹಬ್ಬದ ದಿನ ಬೆಳಿಗ್ಗೆ ಇದನ್ನು ನೋಡಬೇಕಾಯಿತು. ಯಾರ ಬೆರಳು ಎಂದು ನಾನು ಬಾಯಿ ಬಿಟ್ಟು ಹೇಳಲಿಲ್ಲ. ಹೋಳಿಗೆ ಬಡಿಸುವಾಗ ಅವಳ ಎಲೆಯ ಕಡೆ ನೋಡಲೂ ಇಲ್ಲ.

ಆಗಸ್ಟ್ 13, ಬುಧವಾರ

ಮತ್ತೆ ಮೂರು ಹೀಚು ಬಂದಿದ್ದವು, ಮೂರೂ ಹೋದವು. ಈ ಸಲ ಬೆರಳಲ್ಲ, ಕಣ್ಣು. ಸೋಮವಾರ ಕಸ್ತೂರಮ್ಮ ಗೋಡೆಯ ಮೇಲೆ ಗಲ್ಲವಿಟ್ಟು ನಿಂತು, “ಬಳ್ಳಿ ಎಷ್ಟು ಚಂದ ಹಬ್ಬೈತೆ ಲಕ್ಷ್ಮಕ್ಕ” ಅಂದಿದ್ದಳು. ಹೋದ ವರ್ಷ ಕೋಳಿ, ಈ ವರ್ಷ ಕಣ್ಣು. ಇವತ್ತು ಯಜಮಾನರ ಹಳೆಯ ಎಡಗಾಲಿನ ಚಪ್ಪಲಿ, ಸವೆದ ಪೊರಕೆ ಎರಡನ್ನೂ ಅವಳ ಗೋಡೆಗೆ ಮುಖವಾಗಿ ಕಟ್ಟಿದೆ. ಸಂಜೆ ಅವಳು ನೋಡಿದಳು.

“ಇದು ಯಾರಿಗಕ್ಕ ಕಟ್ಟಿರೋದು?”

“ತಟ್ಟಿದವರಿಗೆ” ಅಂದೆ.

ಒಳಗೆ ಹೋದಳು. ಹೆಗಲು ಮುಟ್ಟಿ ನೋಡಿಕೊಳ್ಳಲಿ. ಯಜಮಾನರು ಕೇಳಿಸಿಕೊಂಡು, ಇಪ್ಪತ್ತು ವರ್ಷದ ನೆರೆ ಕಣೆ ಅಂದರು. ನೆರೆ ಎಂದು ಬೀಜ ಕಳೆದುಕೊಳ್ಳಲೇ?

ಆಗಸ್ಟ್ 19, ಮಂಗಳವಾರ

ಅಕ್ಷರ ಸರಿಯಾಗಿ ಬೀಳುತ್ತಿಲ್ಲ, ಅಷ್ಟು ಸಿಟ್ಟಿದೆ.

ಬೆಳಿಗ್ಗೆ ಆರಕ್ಕೆ ಹೂವು ಕೀಳಲು ಹೋದರೆ ಸೊಸೆ ನನಗಿಂತ ಮೊದಲೇ ಬಳ್ಳಿಯ ಹತ್ತಿರ ಕುಕ್ಕರಗಾಲಲ್ಲಿ ಕೂತಿದ್ದಾಳೆ. ದೇವರಿಗೆ ಏರಬೇಕಾದ ಹೂವೊಂದನ್ನು ಕಿತ್ತು, ಎಸಳನ್ನೆಲ್ಲ ಹರಿದು ಚೆಲ್ಲಿ, ಒಳಗಿನ ಹಳದಿ ಕಡ್ಡಿಯನ್ನು ಹೀಚಿರುವ ಹೂವಿನ ಬಾಯಿಗೆ ಇಟ್ಟು ಸವರುತ್ತಿದ್ದಾಳೆ. ಹೀಚಿನ ಹೂವನ್ನು ಮುಟ್ಟಿದ್ದಾಳೆ. ನಾನು ಕೂಗಿದ ಕೂಗಿಗೆ ಯಜಮಾನರು ಹಲ್ಲುಜ್ಜುವುದನ್ನು ಬಿಟ್ಟು ಬಂದರು.

ಅವಳು ಎದ್ದು ನಿಂತು, ಹೆದರದೆ, ಹೇಳಿದಳು: “ಇದು ಗಂಡು ಹೂವು ಅತ್ತೆ. ಇದರ ಪುಡಿ ಹೆಣ್ಣು ಹೂವಿಗೆ ಮುಟ್ಟಿದರೇನೇ ಕಾಯಿ ಹಿಡಿಯೋದು. ನೀವು ದಿನಾ ಎಲ್ಲಾ ಕಿತ್ತರೆ ದುಂಬಿ ಎಲ್ಲಿಂದ ತರ್ತೈತೆ? ನಮ್ಮ ಕಡೆ ಇದೇ ಕೆಲಸರಿ. ಕ್ರಾಸಿಂಗ್ ಅಂತಾರೆ. ಒಂಬತ್ತನೇ ಕ್ಲಾಸಿನಿಂದ ರಜಾದಾಗೆ ಅವ್ವನ ಜೊತೆ ಮಾಡೀನಿ.”

ಹೊನ್ನಾಳಿ ಕಡೆ ಬೀಜದ ಕಂಪನಿಗಳಿಗೆ ಬೆಳೆಯುವ ಪ್ಲಾಟುಗಳಲ್ಲಿ ಹೆಂಗಸರು ಸಾಲಾಗಿ ಕೂತು ಇದನ್ನು ಮಾಡುವುದನ್ನು ಬಸ್ಸಿನಿಂದ ನಾನೂ ನೋಡಿದ್ದೇನೆ. ಕೂಲಿ ಕೆಲಸ. ಮಾಡಲಿ, ತಪ್ಪಲ್ಲ. ಆದರೆ ಕೂಲಿಯಲ್ಲಿ ಕಲಿತದ್ದನ್ನು ತಂದು ನನ್ನ ಅವ್ವನ ಬಳ್ಳಿಯ ಮೇಲೆ, ಶ್ರಾವಣದ ಬೆಳಿಗ್ಗೆ, ದೇವರ ಹೂವನ್ನು ಹರಿದು ಪ್ರಯೋಗ ಮಾಡುವುದೆ?

ನಾನೂ ಎಸ್ಸೆಸ್ಸೆಲ್ಸಿವರೆಗೆ ಓದಿದವಳು. ದುಂಬಿ, ಪರಾಗ ಎಲ್ಲ ಪುಸ್ತಕದಲ್ಲಿ ಇತ್ತು. ಪುಸ್ತಕದವರು ಬಂದು ನನ್ನ ಹಿತ್ತಲಲ್ಲಿ ನಲವತ್ತೊಂದು ವರ್ಷ ಕಾಯಿ ಬೆಳೆದುಕೊಡಲಿಲ್ಲ.

“ನಿನಗೆ ಕೈಗುಣ ಇಲ್ಲ. ನೀನು ಮುಟ್ಟಿದ್ದು ಹಿಡಿಯೋದಿಲ್ಲ. ಇನ್ನು ಹಿತ್ತಲಿಗೆ ಕಾಲಿಡಬ್ಯಾಡ” ಅಂದೆ.

ಅವಳ ಮುಖ ಹೇಗೋ ಆಯಿತು. ಬೆರಳಿಗೆ ಹತ್ತಿದ್ದ ಹಳದಿ ಪುಡಿಯನ್ನು ಸೆರಗಿಗೆ ಒರೆಸಿಕೊಂಡು ಒಳಗೆ ಹೋದಳು. ಹೇಳಬೇಕಾದ್ದನ್ನು ಹೇಳಿದ್ದೇನೆ. ಮಿಕ್ಕ ಆರು ಹೂವು ಕಿತ್ತು ಪೂಜೆ ಮಾಡಿದೆ.

ಆಗಸ್ಟ್ 21, ಗುರುವಾರ

ಕಲ್ಲೇಶ ಚನ್ನಗಿರಿ ಮಂಡಿಯಿಂದ ಬಂದವನು ಊಟ ಮಾಡದೆ ಮಲಗಿದ. ಅಡಿಕೆ ಮಂಡಿಯ ಗುಮಾಸ್ತನಿಗೆ ಅವ್ವನಿಗಿಂತ ಹೆಂಡತಿಯ ಲೆಕ್ಕ ಮೊದಲು ಗೊತ್ತಾಗುತ್ತದೆ. ಸೊಸೆ ಎರಡು ದಿನದಿಂದ ಬಟ್ಟೆಯನ್ನು ಹಿತ್ತಲಿನ ಬದಲು ಮುಂಬಾಗಿಲ ಕಂಬಿಯ ಮೇಲೆ ಒಣಹಾಕುತ್ತಿದ್ದಾಳೆ. ಹೋಗಿ ಬರುವವರೆಲ್ಲ ನಮ್ಮ ಮನೆಯ ಬಟ್ಟೆ ನೋಡಬೇಕು. ಬೇಕೆಂದೇ ಮಾಡುತ್ತಿದ್ದಾಳೆ.

ಆಗಸ್ಟ್ 25, ಸೋಮವಾರ

ಗೌರಿ ಹಬ್ಬಕ್ಕೆ ಸೊಸೆ ತವರಿಗೆ ಹೋದಳು. ಕಲ್ಲೇಶ ಬೈಕಿನಲ್ಲಿ ಬಿಟ್ಟು ಬಂದ. ಬ್ಯಾಗು ಹಬ್ಬದ ಬ್ಯಾಗಿಗಿಂತ ದೊಡ್ಡದಿತ್ತು. ನಾನು ಕೇಳಲಿಲ್ಲ. ಕಾಲು ಮುಟ್ಟಿ ನಮಸ್ಕಾರ ಮಾಡಿದಳು, ಮಡಿಲಿಗೆ ಅಕ್ಕಿ, ಬಳೆ, ಹಿತ್ತಲ ಪೇರಲ ಹಣ್ಣು ಐದು ಹಾಕಿದೆ. ರೀತಿಗೆ ಕಡಿಮೆ ಮಾಡುವವಳಲ್ಲ ನಾನು.

ಆಗಸ್ಟ್ 29, ಶುಕ್ರವಾರ

ಒಂದು ಹಿಡಿದಿದೆ.

ಗೋಡೆಯ ಮೂಲೆಯಲ್ಲಿ, ದೊಡ್ಡ ಎಲೆಯ ಕೆಳಗೆ ಇದ್ದುದರಿಂದ ಕಂಡಿರಲಿಲ್ಲ. ನಿಂಬೆಹಣ್ಣಲ್ಲ, ಆಗಲೇ ಬಿಲ್ವದ ಕಾಯಿಯಷ್ಟಿದೆ. ಚಪ್ಪಲಿ ಕಟ್ಟಿದ್ದು ಕೆಲಸ ಮಾಡಿದೆ. ಅದೂ ಅಲ್ಲದೆ, ಯಾರ ಕೈ ಬೀಳಬಾರದೋ ಅವರ ಕೈ ನಾಲ್ಕು ದಿನದಿಂದ ಇಲ್ಲ. ಯಜಮಾನರಿಗೆ ಹೀಗೇ ಹೇಳಿದೆ. ಅವರು ಏನೋ ಹೇಳಲು ಬಾಯಿ ತೆರೆದು, ಕನ್ನಡಕ ಒರೆಸಿಕೊಂಡರು. ಈ ಮನುಷ್ಯ ನಲವತ್ತೊಂದು ವರ್ಷದಿಂದ ಹೀಗೇ ಕನ್ನಡಕ ಒರೆಸುತ್ತಿದ್ದಾರೆ.

ಸೆಪ್ಟೆಂಬರ್ 3, ಬುಧವಾರ

ಗೌರಿ ಹಬ್ಬ ಮುಗಿದು ಎಂಟು ದಿನ. ಬರಲಿಲ್ಲ. ಯಾವಾಗ ಬರುತ್ತಾಳೆ ಎಂದು ಕಲ್ಲೇಶನನ್ನು ಕೇಳಿದರೆ, “ನನ್ನನ್ನ ಕೇಳಿ ಹೋದ್ಲೇನವ್ವ? ನಿನ್ನ ಮಾತಿಗೆ ಹೋದ್ಲು, ನೀನೇ ಕೇಳು” ಅಂದ. ಹೆತ್ತ ಮಗ. ಬದನೆಕಾಯಿ ಎಣ್ಣೆಗಾಯಿ ಮಾಡಿದ್ದೆ, ತಟ್ಟೆಯಲ್ಲಿ ಹಾಗೇ ಬಿಟ್ಟ.

ಮತ್ತೆ ಬಂದ ಎರಡು ಹೀಚು ಉದುರಿದವು. ಚಪ್ಪಲಿ ಇದೆ, ಪೊರಕೆ ಇದೆ, ಕಸ್ತೂರಮ್ಮ ಗೋಡೆಯ ಹತ್ತಿರ ಸುಳಿಯುವುದನ್ನೇ ಬಿಟ್ಟಿದ್ದಾಳೆ, ಸೊಸೆ ತವರಿನಲ್ಲಿದ್ದಾಳೆ. ಮತ್ತೆ ಯಾಕೆ ಉದುರಬೇಕು?

ಸೆಪ್ಟೆಂಬರ್ 6, ಶನಿವಾರ

ಕಾಯಿ ತೆಂಗಿನಕಾಯಿಯಷ್ಟಾಗಿದೆ. ನೆಲದ ತೇವಕ್ಕೆ ಕೊಳೆಯಬಾರದೆಂದು ಹುಲ್ಲಿನ ಸಿಂಬೆ ಮಾಡಿ ಕೆಳಗೆ ಇಡಲು ಎತ್ತಿದೆ. ತೊಟ್ಟಿಗೆ ಕೆಂಪು ದಾರ ಕಟ್ಟಿದೆ. ಸಡಿಲವಾಗಿ, ತೊಟ್ಟು ದಪ್ಪವಾಗಲು ಜಾಗ ಬಿಟ್ಟು, ಎರಡು ಸುತ್ತು.

ಯಾರು ಕಟ್ಟಿದ್ದು ಎಂದು ಯಜಮಾನರನ್ನು ಕೇಳಿದೆ. ಈಗ ಬಾಯಿ ಬಿಟ್ಟರು.

“ಆ ಹುಡುಗಿ ಆವತ್ತು ಬೆಳಿಗ್ಗೆ ನೀ ಬರೋಕೆ ಮುಂಚೆನೇ ಕಟ್ಟಿದ್ದು. ಕ್ರಾಸ್ ಮಾಡಿದ್ದಕ್ಕೆ ಹಂಗೆ ಗುರುತು ಕಟ್ತಾರಂತೆ. ಅವಳು ಮುಟ್ಟಿದ್ದು ಅದೊಂದೇ ಹೂವು.”

ಮೊದಲೇ ಯಾಕೆ ಹೇಳಲಿಲ್ಲ ಎಂದೆ.

“ಹೇಳಿದ್ರೆ ನೀ ಆ ಕಾಯಿನೂ ಕೀಳ್ತಿದ್ದೆ” ಅಂದರು.

ನಾನು ಅಂಥವಳೆ? ನಲವತ್ತೊಂದು ವರ್ಷ ಜೊತೆಗಿದ್ದು ಇಷ್ಟೇನೆ ಇವರು ನನ್ನನ್ನು ತಿಳಿದದ್ದು?

ಒಂದು ಕಾಯಿಗೆ ಏನೂ ಸಾಬೀತಾಗುವುದಿಲ್ಲ. ಹಾಗಾದರೆ ಹಿಂದಿನ ವರ್ಷಗಳಲ್ಲಿ ಹೇಗೆ ಹಿಡಿಯುತ್ತಿತ್ತು? ನಾನು ಆಗಲೂ ಹೂವು ಕೀಳುತ್ತಿದ್ದೆ. ಆಗ ಹತ್ತು ಬಳ್ಳಿ ಇದ್ದವು, ಎಷ್ಟು ಕಿತ್ತರೂ ಎಲೆಗಳ ಅಡಿಯಲ್ಲಿ ನಾಲ್ಕು ಹೂವು ಕಣ್ಣಿಗೆ ತಪ್ಪಿ ಉಳಿಯುತ್ತಿದ್ದವು. ಸೊಕ್ಕೆಯಲ್ಲಂತೂ ಸುತ್ತ ಎಲ್ಲರ ಹೊಲದಲ್ಲಿಯೂ ಬಳ್ಳಿ. ಅವ್ವ ಒಬ್ಬಳು ಕಿತ್ತರೆ ಏನಾಗುತ್ತಿತ್ತು. ಈ ವರ್ಷ ನಾನು ಒಂದೂ ಬಿಡಲಿಲ್ಲ.

ಸಾಕು. ನಾಳೆ ಹೂವು ಕೀಳುವುದಿಲ್ಲ. ಶ್ರಾವಣ ಮುಗಿದು ಎರಡು ವಾರವಾಯಿತು, ನೇಮ ಮುಗಿದಿದೆ, ಅದಕ್ಕೆ.

ಸೆಪ್ಟೆಂಬರ್ 10, ಬುಧವಾರ

ಮೂರು ದಿನ ನಾನೇ ಮಾಡಿದೆ. ಎಸಳು ಹರಿದು, ಕಡ್ಡಿ ಹಿಡಿದು, ಸವರಿ. ಯಾರೂ ನೋಡದಂತೆ, ಯಜಮಾನರು ಪೇಪರು ತರಲು ಹೋದ ಮೇಲೆ, ಎಂಟೂವರೆಗೆ. ಭಾನುವಾರ ಮಾಡಿದ್ದು ಇವತ್ತು ಹಳದಿಯಾಗಿದೆ. ಒಂದು ಹೂವಿನ ಒಳಗಿನದು ನನ್ನ ಕೈಯಲ್ಲೇ ಮುರಿಯಿತು. ಹೊಲದಲ್ಲಿ ಹುಟ್ಟಿ ಬೆಳೆದ ನನಗೆ ಒಂದು ಹೂವು ಬಗ್ಗುವುದಿಲ್ಲ ಅಂದರೆ ಏನು ಅರ್ಥ. ಎಲ್ಲೋ ಏನೋ ಅವಳು ಹೇಳದೆ ಬಿಟ್ಟಿದ್ದಾಳೆ.

ಅವಳಿಗೆ ಹೇಳಲು ನೀನೆಲ್ಲಿ ಬಿಟ್ಟೆ ಎಂದು ಯಜಮಾನರು ಕೇಳಿಸಿಕೊಂಡಿದ್ದರೆ ಅನ್ನುತ್ತಿದ್ದರು.

ಸೆಪ್ಟೆಂಬರ್ 14, ಭಾನುವಾರ

ಹೊನ್ನಾಳಿಗೆ ಹೋಗಿ ಬಂದೆ. ಬೀಗಿತ್ತಿ ಗಿಡ್ಡಮ್ಮನಿಗೆ ಜ್ವರ ಎಂದು ಕಲ್ಲೇಶ ಹೇಳಿದ್ದ. ಜ್ವರದವರನ್ನು ನೋಡಲು ಹೋಗುವುದು ರೀತಿ. ಬೇರೆ ಕಾರಣಕ್ಕಲ್ಲ.

ನ್ಯಾಮತಿಯಲ್ಲಿ ಬಸ್ಸು ಬದಲಿಸಬೇಕು. ಕಂಡಕ್ಟರ್ ಆಧಾರ್ ಕಾರ್ಡು ತೋರಿಸಿ ಅಂದ. ತೋರಿಸಿದರೆ, ಫೋಟೋದಲ್ಲಿ ನಗ್ತಾ ಇದ್ದೀರಿ, ನೀವೇನಾ ಎಂದು ಕೇಳಿದ. ಹಿಂದೆ ಕೂತವರು ನಕ್ಕರು. ನನ್ನ ವಯಸ್ಸಿಗೆ ಇದನ್ನೂ ಕೇಳಬೇಕು.

ಮನೆಯಲ್ಲಿ ಗಿಡ್ಡಮ್ಮ ಕಂಬಳಿ ಹೊದ್ದು ಕೂತಿದ್ದಳು. ಏಳಲು ಹೋದಳು, ಬೇಡ ಎಂದು ಕೂರಿಸಿದೆ. ಸೊಸೆ ಇರಲಿಲ್ಲ. ಅವ್ವನ ಬದಲಿಗೆ ಪ್ಲಾಟಿಗೆ ಹೋಗಿದ್ದಾಳೆ. ಈ ಸವಳಂಗದ ಮನೆಯ ಸೊಸೆ ಬೇರೆಯವರ ಪ್ಲಾಟಿನಲ್ಲಿ ಕೂಲಿಗೆ. ನನಗೆ ತಡೆಯಲಿಲ್ಲ, ಕೇಳಿಕೊಂಡು ನಡೆದೇ ಹೋದೆ.

ಸೌತೆಯ ಬೀಜದ ಪ್ಲಾಟು. ಇಪ್ಪತ್ತು ಮೂವತ್ತು ಹೆಂಗಸರು ಸಾಲಿನಲ್ಲಿ ಕೂತಿದ್ದರು. ಅವಳು ನನ್ನನ್ನು ನೋಡಲಿಲ್ಲ. ನಾನು ಬದುವಿನ ಮೇಲೆ ನಿಂತು ನೋಡಿದೆ. ಎಡಗೈಯ ಎರಡು ಬೆರಳಲ್ಲಿ ಹೂವನ್ನು ಹಿಡಿದರೂ ಹಿಡಿದ ಹಾಗಿಲ್ಲ. ಬಲಗೈ ಒಂದು ಸಲ ಸುತ್ತಿ ಬರುತ್ತದೆ, ಒತ್ತುವುದಿಲ್ಲ. ಸೊಂಟದ ದಾರದ ಉಂಡೆಯಿಂದ ಎಳೆದು ಎರಡು ಸುತ್ತು ಕಟ್ಟಿ ಮುಂದಿನದಕ್ಕೆ ಹೋಗುತ್ತಾಳೆ. ಪಕ್ಕದವಳು ಒಂದು ಮಾಡುವಷ್ಟರಲ್ಲಿ ಇವಳದು ಎರಡು. ಕೂಸಿನ ಕಣ್ಣಿಗೆ ಕಾಡಿಗೆ ಹಚ್ಚುವವರು ಹಾಗೆ ಹಚ್ಚುತ್ತಾರೆ.

ಮೇಸ್ತ್ರಿ ಭೀಮೇಶ ಎಂಬಾತ ನಾನು ಯಾರೆಂದು ಕೇಳಿ ತಿಳಿದು, “ನಿಮ್ಮ ಸೊಸೆ ಮುಟ್ಟಿದ ನೂರು ಹೂವಿನಾಗೆ ತೊಂಬತ್ತು ಹಿಡಿತಾವ್ರಿ ಅಮ್ಮಾರೆ. ಮದುವೆ ಮಾಡಿಕೊಂಡು ನಮಗೆ ಲುಕ್ಸಾನು ಮಾಡಿದ್ರಿ” ಅಂದ. ನಾನೇನು ಇವನನ್ನು ಕೇಳಿದ್ದೆನೆ?

ಕೆಲಸ ಮುಗಿಸಿ ಬಂದಳು. ಕೈ ಹಳದಿಯಾಗಿತ್ತು. ಮನೆಗೆ ಯಾವಾಗ ಬರುತ್ತೀಯ ಎಂದು ಕೇಳಿದೆ. ಬೇರೆ ಹೇಗೆ ಕೇಳಬೇಕೋ ನನಗೆ ತಿಳಿಯದು. ಅವಳು ನೆಲ ನೋಡುತ್ತ ಹೇಳಿದಳು:

“ಹಿತ್ತಲಿಗೆ ಕಾಲಿಡಬ್ಯಾಡ ಅಂದ್ರಿ. ಹಿತ್ತಲಿಗೆ ಬರಬಾರದ ಮನೆಗೆ ನಾ ಹೆಂಗೆ ಬರ್ಲಿ ಅತ್ತೆ? ಕೈಗುಣ ಇಲ್ಲ ಅಂದ್ರಿ. ಈ ಕೈಯಾಗೆ ಅಡುಗೆ ಮಾಡಿದ್ರೆ ಉಣ್ತೀರಿ, ನಾಳೆ ಮಕ್ಕಳನ್ನ ಎತ್ತಿಕೊಂಡ್ರೆ ಏನಂತೀರಿ?”

ಹೆಂಗಸರು ಬುತ್ತಿ ಬಿಚ್ಚುತ್ತ ಕೇಳಿಸಿಕೊಳ್ಳುತ್ತಿದ್ದರು. ನನಗೆ ಯಾರೂ ಹೀಗೆ ಎದುರು ನಿಂತು ಮಾತಾಡಿದ್ದಿಲ್ಲ, ನನ್ನ ಅತ್ತೆಯೂ. ತಿರುಗಿ ಬಸ್ಸು ಹತ್ತಬೇಕು ಅನ್ನಿಸಿತು.

“ದಾರ ಕಟ್ಟಿದ್ದು ಹಿಡಿದೈತೆ” ಅಂದೆ. “ನಾ ಮಾಡಿದ್ದು ಒಂದೂ ಹಿಡಿಲಿಲ್ಲ.”

ಆಗ ತಲೆ ಎತ್ತಿದಳು. ನಾನು ಹೂವು ಮುಟ್ಟಿದ್ದು ಎಷ್ಟು ಹೊತ್ತಿಗೆ ಎಂದು ಕೇಳಿದಳು. ಎಂಟೂವರೆಗೆ ಅಂದೆ. ಅವಳ ಬಾಯಿ ತುದಿ ಅಲುಗಿತು, ಪಕ್ಕದ ಹೆಂಗಸರಂತೂ ನಕ್ಕೇಬಿಟ್ಟರು. ಬಿಸಿಲೇರಿದ ಮೇಲೆ ಕುಂಬಳದ ಹೂವಿನಲ್ಲಿ ಜೀವ ಇರುವುದಿಲ್ಲವಂತೆ. ಸೌತೆಗೆ ನಡೆಯುತ್ತದೆ, ಕುಂಬಳಕ್ಕೆ ಬೆಳಕು ಹರಿಯುವ ಹೊತ್ತೇ ಆಗಬೇಕಂತೆ. ಅಷ್ಟೊಂದು ಜನರ ಮುಂದೆ ನಗೆಪಾಟಲಾದೆ.

ಬರುತ್ತೇನೆ ಅಂತಲೂ ಅನ್ನಲಿಲ್ಲ, ಇಲ್ಲ ಅಂತಲೂ ಅನ್ನಲಿಲ್ಲ. ಕಾಯಿ ಎಷ್ಟು ದಪ್ಪ ಆಗಿದೆ ಎಂದು ಮಾತ್ರ ಕೇಳಿದಳು. ಎರಡೂ ಕೈ ಅಗಲಿಸಿ ತೋರಿಸಿದೆ.

ಸೆಪ್ಟೆಂಬರ್ 18, ಗುರುವಾರ

ಬಂದಿದ್ದಾಳೆ. ಗಿಡ್ಡಮ್ಮನ ಜ್ವರ ಇಳಿಯಿತಂತೆ. ಚಪ್ಪಲಿ ಬಿಟ್ಟು, ಕೈಕಾಲು ತೊಳೆದು ಒಳಗೆ ಬಂದವಳು ಹಿತ್ತಲ ಬಾಗಿಲ ಹೊಸಿಲಲ್ಲಿ ನಿಂತುಬಿಟ್ಟಳು. ನಾನು ಅವರೆಕಾಯಿ ಬಿಡಿಸುತ್ತಿದ್ದೆ. ಅವಳು ನಿಂತೇ ಇದ್ದಳು. ಎಷ್ಟು ಹೊತ್ತು ಹೀಗೆ ಬಾಗಿಲಿಗೆ ಅಡ್ಡ ನಿಲ್ಲುವುದು.

“ಬಟ್ಟೆ ಮುಂದುಗಡೆ ಹಾಕಬ್ಯಾಡ, ಜನ ನೋಡ್ತಾರೆ. ಹಿಂದೆ ಹಾಕು” ಅಂದೆ.

ಹೊಸಿಲು ದಾಟಿದಳು. ನೇರ ಮೂಲೆಗೆ ಹೋಗಿ ಎಲೆ ಎತ್ತಿ ನೋಡಿದಳು. ಸಿಂಬೆ ಚಿಕ್ಕದಾಯಿತು ಅತ್ತೆ, ದೊಡ್ಡದು ಮಾಡಬೇಕು ಅಂದಳು. ಬಂದು ಐದು ನಿಮಿಷವಾಗಿಲ್ಲ, ತಪ್ಪು ಹುಡುಕುತ್ತಾಳೆ.

ಸಿಂಬೆ ಚಿಕ್ಕದೇ ಆಗಿತ್ತು.

ಅಕ್ಟೋಬರ್ 6, ಸೋಮವಾರ

ನಾಳೆ ಭೂಮಿ ಹುಣ್ಣಿಮೆ. ಬೆಳಗಿನ ಜಾವ ಭೂಮಿತಾಯಿಗೆ ಬಯಕೆ ಊಟವೆಂದು ಚರಗ ಚೆಲ್ಲಬೇಕು, ಅದರಲ್ಲಿ ಕುಂಬಳದ ಕಡುಬು ಇರಲೇಬೇಕು. ಹೋದ ವರ್ಷವೂ ಬಚ್ಚಿಟ್ಟಿದ್ದ, ಬೀಜವೆಲ್ಲ ಒಳಗೇ ಕೊಳೆತಿದ್ದ ಹಳೆಯ ಕಾಯಿಯೊಂದನ್ನು ಒಡೆಸಿದೆನೇ ಹೊರತು, ಆ ಕಡುಬಿಗೆ ಹೊರಗಿನ ಕಾಯಿ ಈ ಮನೆಗೆ ಬಂದಿಲ್ಲ. ಬಳ್ಳಿಯಲ್ಲಿರುವುದು ಒಂದು. ಕತ್ತಿ ಹಿಡಿದು ಹೋದೆ.

ಸೊಸೆ ಕಾವ್ಯ ಅಡ್ಡ ಬಂದಳು. ಉಗುರಿನಿಂದ ತೊಟ್ಟು ಕೆರೆದು ತೋರಿಸಿದಳು.

“ತೊಟ್ಟು ಇನ್ನೂ ಹಸಿರು ಐತೆ. ಈಗ ಕೊಯ್ದ್ರೆ ಕಡುಬು ಆಗ್ತೈತೆ, ಬೀಜ ಜೊಳ್ಳು ಆಗ್ತಾವು. ಇನ್ನ ಹದಿನೈದಿಪ್ಪತ್ತು ದಿನ ಬೇಕು. ನಿಮ್ಮ ಅವ್ವನ ಬೀಜ, ನೀವು ಹೆಂಗಂದ್ರೆ ಹಂಗೆ.”

ಹೆಂಗಂದರೆ ಹಂಗೆ ಅಂತೆ. ಹೇಳುವುದನ್ನೆಲ್ಲ ಹೇಳಿ ಕೊನೆಗೆ ಭಾರವನ್ನು ನನ್ನ ತಲೆಗೆ ಹೊರಿಸುವುದು. ಬಳ್ಳಿಯ ಹತ್ತಿರ ಕೂತು ಯೋಚಿಸಿದೆ. ಕತ್ತಿಯನ್ನು ಅವಳ ಕೈಗೆ ಕೊಟ್ಟು, ಸೆರಗು ಹೊದ್ದು ಹೊರಟೆ.

ಸಂತೆ ಮುಗಿದಿತ್ತು. ಕುಂಬಳ ಇರುವುದು ಒಂದೇ ಮನೆಯಲ್ಲಿ ಎಂದು ನನಗೆ ಗೊತ್ತಿತ್ತು. ಮೊನ್ನೆ ಹೊಲದಿಂದ ತಂದದ್ದನ್ನು ಗೋಡೆಯ ಈಚೆಯಿಂದ ನೋಡಿದ್ದೆ. ಕಸ್ತೂರಮ್ಮನ ಬಾಗಿಲಿಗೆ ಹೋಗಿ ನಿಂತೆ. ಎರಡು ತಿಂಗಳಿನಿಂದ ಮಾತಿಲ್ಲ. ಅವಳು ಅಕ್ಕಿ ಆರಿಸುತ್ತಿದ್ದವಳು ಮೊರ ಕೆಳಗಿಡಲೇ ಇಲ್ಲ. ಕಡುಬಿಗೆ ಒಂದು ಹೋಳು ಕುಂಬಳ ಬೇಕಾಗಿತ್ತು ಎಂದೆ.

“ನನ್ನ ಕಣ್ಣು ಬಿದ್ದಿರೋ ಕಾಯಿ ಕಣಕ್ಕ. ಆಗ್ತೈತಾ?”

“ಕಡುಬಿನಾಗೆ ಬೇಯ್ತೈತೆ. ಕೊಡು.”

“ಚಪ್ಪಲಿ ಕಟ್ಟಿದೀಯಲ್ಲ, ಅದನ್ನ ಮೊದಲು ಬಿಚ್ಚು. ಒಂದು ಕಾಲಿನದು ಕಟ್ಟಿ ನಿಮ್ಮ ಯಜಮಾನರು ಹೊಸದು ತಗೊಳ್ಳೋ ಹಂಗಾತು.”

ಒಳಗೆ ಹೋಗಿ ಇಡೀ ಕಾಯಿಯನ್ನೇ ತಂದು ನನ್ನ ಕಂಕುಳಿಗೆ ಇಟ್ಟಳು. ಹೋಳು ಕೇಳಿದರೆ ಇಡೀ ಕಾಯಿ ಕೊಟ್ಟು ನನ್ನನ್ನು ಚಿಕ್ಕವಳನ್ನಾಗಿ ಮಾಡಿದಳು. ಅದನ್ನು ಹೊತ್ತು ಬೀದಿಯಲ್ಲಿ ಎಲ್ಲರ ಮುಂದೆ ಬರಬೇಕಾಯಿತು. ಚಪ್ಪಲಿ ಬಿಚ್ಚಿಸಿದೆ. ಹೇಗೂ ಹರಿದಿತ್ತು.

ಅಕ್ಟೋಬರ್ 7, ಮಂಗಳವಾರ

ಚರಗ ಚೆಲ್ಲಿದೆವು. ಕಡುಬು ಸಪ್ಪೆ. ಕಸ್ತೂರಮ್ಮನ ಕಾಯಿಗೆ ಎಷ್ಟು ಬೆಲ್ಲ ಸುರಿದರೂ ಅಷ್ಟೇ. ಹಾಗಂತ ಅವಳಿಗೆ ಹೇಳಲಿಲ್ಲ. ಒಂದು ಡಬ್ಬಿ ಕಡುಬು ಕಳಿಸಿದೆ.

ಅಕ್ಟೋಬರ್ 26, ಭಾನುವಾರ

ಕಾವ್ಯ ಬೆಳಿಗ್ಗೆ ತೊಟ್ಟು ನೋಡಿ ಇವತ್ತು ಕೊಯ್ಯಬಹುದು ಅಂದಳು. ತೊಟ್ಟು ಒಣಗಿ ಕಟ್ಟಿಗೆಯಾಗಿತ್ತು, ಉಗುರು ಇಳಿಯಲಿಲ್ಲ. ಸಿಪ್ಪೆ ಪೂರ್ತಿ ಬೂದು. ದಾರವನ್ನು ಅವಳೇ ಬಿಚ್ಚಿದಳು. ಇಡೀ ಕುಂಬಳಕ್ಕೆ ಹೆಂಗಸರು ಮೊದಲು ಕತ್ತಿ ಹಾಕಬಾರದು, ಆದ್ದರಿಂದ ಯಜಮಾನರು ಒಡೆದುಕೊಟ್ಟರು. ಕತ್ತಿ ಇಳಿಯುವಾಗ ನಾನು ಕಣ್ಣು ಮುಚ್ಚಿಕೊಂಡಿದ್ದೆ ಎಂದು ಕಲ್ಲೇಶ ಹೇಳುತ್ತಾನೆ. ಸುಳ್ಳು. ಹೊಗೆ ಇತ್ತು.

ಒಳಗೆ ಅರಿಶಿನದ ಬಣ್ಣ. ಅದೇ ವಾಸನೆ.

ಕಾವ್ಯ ಬೀಜ ಬಗೆದು ನೀರಿಗೆ ಹಾಕಿದಳು. ಜೊಳ್ಳು ತೇಲಿದವು, ಗಟ್ಟಿ ಮುಳುಗಿದವು. ಮುಳುಗಿದವೇ ಹೆಚ್ಚು. ಎಣಿಸುತ್ತ ಕೂತೆ, ನೂರ ಎಂಬತ್ತರ ತನಕ ಎಣಿಸಿ ಬಿಟ್ಟೆ. ಕಣ್ಣು ಮಂಜಾಗಿ ಲೆಕ್ಕ ತಪ್ಪುತ್ತಿತ್ತು, ಕನ್ನಡಕದ ನಂಬರು ಬದಲಾಗಿರಬೇಕು.

ಹೇಗೆ ಇಡುವುದು ಎಂಬುದಕ್ಕೆ ದೊಡ್ಡ ವಾದವಾಯಿತು. ನಾನು ಬೆರಣಿ ತಟ್ಟಬೇಕೆಂದೆ. ಅವಳು ನೆರಳಿನಲ್ಲಿ ಒಣಗಿಸಿ, ಬೂದಿ ಬೆರೆಸಿ, ಎರಡು ಡಬ್ಬಿಯಲ್ಲಿ ಎರಡು ಕಡೆ ಇಡಬೇಕು ಅಂದಳು. “ಒಂದೇ ಗೋಡೆಗೆ ಎಲ್ಲಾ ಬಡಿದು ಆಗಿದ್ದು ನೋಡಿದ್ರಲ್ಲ” ಅಂದಳು. ಅತ್ತೆಗೆ ಹೀಗೆ ಹೇಳುವುದು. ಕೊನೆಗೆ ಎರಡು ಡಬ್ಬಿಯಾಯಿತು. ಮೂರನೆಯದನ್ನೂ ಮಾಡು, ಗೋಡೆಯ ಆಚೆ ಕೊಡಬೇಕು, ಆ ಸಪ್ಪೆ ಜಾತಿಯನ್ನು ಇನ್ನೂ ಎಷ್ಟು ವರ್ಷ ಬೆಳೆಯುತ್ತಾಳೆ ಎಂದು ನಾನೇ ಹೇಳಿದೆ.

ಅಕ್ಟೋಬರ್ 28, ಮಂಗಳವಾರ

ಬೀಜವನ್ನು ಪಡಸಾಲೆಯಲ್ಲಿ ಹಳೆ ಧೋತರದ ಮೇಲೆ ಹರವಿದ್ದಾಳೆ. ಹಾಯುವ ದಾರಿಯಲ್ಲೇ. ಎಲ್ಲರೂ ಸುತ್ತಿ ಹೋಗಬೇಕು. ಬೆಳಿಗ್ಗೆ ನಾನು ಕೂತು ಒಂದು ಹಿಡಿ ಎತ್ತಿ ಅಂಗೈಯಲ್ಲಿ ನೋಡುತ್ತಿದ್ದೆ, ಅಷ್ಟೇ. ಅಡುಗೆಮನೆಯಿಂದ ಕೂಗಿದಳು.

“ಮುಟ್ಟಬ್ಯಾಡ್ರಿ ಅತ್ತೆ. ಕೈ ತೇವ ಇರ್ತೈತೆ, ಬೂಸು ಹಿಡಿತಾವು.”

ನನ್ನ ಅವ್ವನ ಬೀಜ. ನನ್ನ ಸೆರಗಿಗೆ ಕಟ್ಟಿ ಕೊಟ್ಟದ್ದು. ನನ್ನ ಮನೆಯಲ್ಲಿ, ನನಗೆ ಮುಟ್ಟಬೇಡ ಎಂದು ಹೇಳುತ್ತಾಳೆ, ಅದೂ ಒಲೆಯ ಮುಂದಿನಿಂದ, ತಿರುಗಿಯೂ ನೋಡದೆ. ನಲವತ್ತೊಂದು ವರ್ಷದಲ್ಲಿ ಈ ಮನೆಯಲ್ಲಿ ನನಗೆ ಯಾರೂ ಇದನ್ನು ಮುಟ್ಟಬೇಡ, ಅದನ್ನು ಮುಟ್ಟಬೇಡ ಎಂದು ಹೇಳಿದವರಿಲ್ಲ. ಮಾತು ತುಟಿಯ ತುದಿಗೆ ಬಂದಿತ್ತು.

ಬೀಜವನ್ನು ಕೆಳಗಿಟ್ಟೆ. ಆಗ ತಾನೆ ಪಾತ್ರೆ ತೊಳೆದು ಬಂದಿದ್ದೆ, ಕೈ ತೇವ ಇದ್ದದ್ದು ನಿಜ.